ಸೈಟೇಶನ್ ಸಾವಿರವಿದ್ದರೆ ಸತ್ಯವೇ?

ಸೆಪ್ಟೆಂಬರ್, ಅಕ್ಟೋಬರ್ ಬಂತೆಂದರೆ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಒಂದು ಸುದ್ದಿ ಖಾಯಂ. ಶಾಲು, ಹಾರ, ಹೂಗುಚ್ಛದ ಫೋಟೊ; ಕೆಳಗೆ ‘ವಿಶ್ವದ ಅಗ್ರ ಶೇ 2ರ ವಿಜ್ಞಾನಿಗಳ ಪಟ್ಟಿಯಲ್ಲಿ ನಮ್ಮ ಪ್ರಾಧ್ಯಾಪಕರು’ ಎಂಬ ಸಾಲು. ಎಂಜಿನಿಯರಿಂಗ್ ಕಾಲೇಜು, ಮೆಡಿಕಲ್ ಕಾಲೇಜು, ವಿಶ್ವವಿದ್ಯಾಲಯ ಎಲ್ಲವೂ ಇರುವ ತುಮಕೂರಿನಂಥ ಊರಿಗೆ ಇದು ಹೆಮ್ಮೆಯ ಸುದ್ದಿಯೇ. ಸಂತೋಷಪಡೋಣ. ಆದರೆ ಆ ಪಟ್ಟಿ ಏನನ್ನು ಅಳೆಯುತ್ತದೆ, ಏನನ್ನು ಅಳೆಯುವುದಿಲ್ಲ ಎಂಬ ವಿಷಯದಲ್ಲಿ ಓದಿದವರಲ್ಲೂ ಗೊಂದಲವಿದೆ. ಬೇರೆ ಶಾಸ್ತ್ರಗಳಲ್ಲಾದರೆ ಈ ಗೊಂದಲ ಬಡ್ತಿ, ಸನ್ಮಾನಗಳ ಮಟ್ಟದಲ್ಲಿ ಮುಗಿದೀತು. ಮಾನವ ತಳಿವಿಜ್ಞಾನದಲ್ಲಿ ಹಾಗಲ್ಲ. ಅಲ್ಲಿನ ತಪ್ಪು ಮದುವೆ ಮಾತುಕತೆಗೆ, ಲ್ಯಾಬ್ ರಿಪೋರ್ಟಿಗೆ, ಕೆಲವೊಮ್ಮೆ ಆಪರೇಷನ್ ಟೇಬಲ್ಲಿನವರೆಗೂ ಬರುತ್ತದೆ.

ತಪ್ಪು ಕಲ್ಪನೆ: ಶೇ 2ರ ಪಟ್ಟಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಕೊಡುವ ಪ್ರಶಸ್ತಿ

ಪ್ರಶಸ್ತಿಯಲ್ಲ. ಅರ್ಜಿಯಿಲ್ಲ, ಆಯ್ಕೆ ಸಮಿತಿಯಿಲ್ಲ, ಯಾರೂ ಕೂತು ಸಂಶೋಧನೆಯನ್ನು ಓದಿ ಅಂಕ ಕೊಟ್ಟಿಲ್ಲ. ಸ್ಟ್ಯಾನ್‌ಫರ್ಡಿನ ಜಾನ್ ಅಯೊನಿಡಿಸ್ ಮತ್ತು ಸಂಗಡಿಗರು ಎಲ್ಸ್‌ವಿಯರ್ ಕಂಪನಿಯ ಸ್ಕೋಪಸ್ ದತ್ತಾಂಶದಿಂದ 2019ರಿಂದ ಹೊರತರುತ್ತಿರುವ ಲೆಕ್ಕದ ಹಾಳೆ ಅದು. ಒಬ್ಬರ ಲೇಖನಗಳನ್ನು ಬೇರೆಯವರು ಎಷ್ಟು ಸಲ ಉಲ್ಲೇಖಿಸಿದ್ದಾರೆ (ಇದೇ ಸೈಟೇಶನ್) ಎಂಬುದನ್ನು ಆರು ಬಗೆಯಲ್ಲಿ ಎಣಿಸಿ ಕೂಡಿಸುತ್ತಾರೆ. ಪಟ್ಟಿಯಲ್ಲೂ ಎರಡಿವೆ: ಇಡೀ ವೃತ್ತಿಜೀವನದ್ದು ಒಂದು, ಬರೀ ಒಂದು ವರ್ಷದ್ದು ಇನ್ನೊಂದು. ಸುದ್ದಿಯಲ್ಲಿ ಯಾವುದೆಂದು ಬರೆಯುವವರು ಕಡಿಮೆ.

ಇಲ್ಲೊಂದು ತಮಾಷೆಯಿದೆ. ಪ್ರಕಟವಾದ ಸಂಶೋಧನೆಗಳಲ್ಲಿ ಹೆಚ್ಚಿನವು ಸುಳ್ಳೇ ಎಂದು ವಾದಿಸಿ 2005ರಲ್ಲಿ ಜಗತ್ತಿನ ನಿದ್ದೆ ಕೆಡಿಸಿದವರೂ ಇದೇ ಅಯೊನಿಡಿಸ್. ಅದಕ್ಕೂ ಮೊದಲು, 2001ರಲ್ಲಿ, ‘ನೇಚರ್ ಜೆನೆಟಿಕ್ಸ್’ ಪತ್ರಿಕೆಯಲ್ಲಿ ಅವರು ತೋರಿಸಿದ್ದು ತಳಿವಿಜ್ಞಾನದ ರೋಗವನ್ನೇ. ‘ಈ ಜೀನ್‌ಗೂ ಆ ಕಾಯಿಲೆಗೂ ನಂಟಿದೆ’ ಎಂದು ಮೊದಲು ಬರುವ ಅಧ್ಯಯನ ಸಾಮಾನ್ಯವಾಗಿ ನಂಟನ್ನು ಉಬ್ಬಿಸಿ ಹೇಳಿರುತ್ತದೆ, ಆಮೇಲಿನ ಅಧ್ಯಯನಗಳಲ್ಲಿ ಅದು ಇಳಿಯುತ್ತದೆ ಎಂದು. ಆದರೆ ಪೇಪರಿನಲ್ಲಿ ಸುದ್ದಿಯಾಗುವುದು ಮೊದಲನೆಯದೇ.

ತಪ್ಪು ಕಲ್ಪನೆ: ಸಾವಿರಾರು ಮಂದಿ ಉಲ್ಲೇಖಿಸಿದ್ದಾರೆಂದರೆ ಸುಳ್ಳಾಗಿರಲು ಸಾಧ್ಯವಿಲ್ಲ

ಸಾಧ್ಯವಿದೆ, ಆಗಿದೆ. 2003ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ನ್ಯೂಜಿಲೆಂಡಿನ 800ಕ್ಕೂ ಹೆಚ್ಚು ಜನರ ಅಧ್ಯಯನ ಬಂತು. ಸೆರೊಟೊನಿನ್ ಸಾಗಿಸುವ ಜೀನ್‌ನ ಗಿಡ್ಡ ರೂಪ ಇರುವವರು ಜೀವನದಲ್ಲಿ ಪೆಟ್ಟು ತಿಂದರೆ ಖಿನ್ನತೆಗೆ ಬೇಗ ಬೀಳುತ್ತಾರೆ ಎಂಬುದು ಅದರ ಸಾರ. ಕೇಳಲು ಚೆನ್ನಾಗಿತ್ತು. ಪಠ್ಯಪುಸ್ತಕ ಸೇರಿತು, ಸಾವಿರಗಟ್ಟಲೆ ಉಲ್ಲೇಖ ಪಡೆಯಿತು, ಅದರ ಮೇಲೇ ಎಷ್ಟೋ ಮಂದಿ ಪಿಎಚ್.ಡಿ. ಮಾಡಿದರು. 2019ರಲ್ಲಿ ಅಮೆರಿಕದ ಕೊಲೊರಾಡೊದ ತಂಡವೊಂದು ಈ ಜೀನ್ ಸೇರಿದಂತೆ ಖಿನ್ನತೆಗೆ ಸಂಬಂಧಿಸಿದ್ದೆಂದು ಹೆಸರಾದ 18 ಜೀನ್‌ಗಳನ್ನು ದೊಡ್ಡ ದೊಡ್ಡ ಗುಂಪುಗಳಲ್ಲಿ ಪರೀಕ್ಷಿಸಿತು. ಅತಿ ದೊಡ್ಡ ಗುಂಪಿನಲ್ಲಿ 4 ಲಕ್ಷ 43 ಸಾವಿರ ಮಂದಿ ಇದ್ದರು. ಕಣ್ಣುಮುಚ್ಚಿ ಯಾವುದೋ 18 ಜೀನ್ ಆರಿಸಿಕೊಂಡಿದ್ದರೆ ಸಿಗುತ್ತಿದ್ದುದಕ್ಕಿಂತ ಹೆಚ್ಚಿನದೇನೂ ಸಿಗಲಿಲ್ಲ.

ಮೊದಲ ತಂಡದವರು ಮೋಸ ಮಾಡಿದ್ದರೆಂದಲ್ಲ. ಖಿನ್ನತೆಯ ಹಿಂದೆ ಸಾವಿರಾರು ಜೀನ್ ವ್ಯತ್ಯಾಸಗಳಿದ್ದು, ಒಂದೊಂದರ ಪಾಲೂ ತೀರಾ ಚಿಕ್ಕದು. ನೂರಾರು ಜನರಲ್ಲಿ ಹುಡುಕಿದರೆ ಕಾಣುವುದು ಬಹುಪಾಲು ಆಕಸ್ಮಿಕವೇ. ಹೀಗಿದ್ದೂ ಹಳೆಯ ಲೇಖನದ ಸೈಟೇಶನ್ ಒಂದೂ ಕಡಿಮೆಯಾಗಲಿಲ್ಲ. ಸೈಟೇಶನ್‌ನಲ್ಲಿ ಕಳೆಯುವ ಲೆಕ್ಕವೇ ಇಲ್ಲ; ‘ಇದು ತಪ್ಪು’ ಎಂದು ಉಲ್ಲೇಖಿಸಿದರೂ ಒಂದು ಕೂಡುತ್ತದೆ.

ಮೋಸದ ಅನುಮಾನವಿರುವ ಕಥೆ ಬೇರೆಯೇ ಇದೆ. ಸಿಡ್ನಿಯ ಕ್ಯಾನ್ಸರ್ ಸಂಶೋಧಕಿ ಜೆನಿಫರ್ ಬರ್ನ್ ಮತ್ತು ಸಹೋದ್ಯೋಗಿಗಳು ಮಾನವ ಜೀನ್‌ಗಳ ಕುರಿತ 11,799 ಲೇಖನಗಳಲ್ಲಿ ಬಳಸಿದ್ದ ಡಿಎನ್ಎ ಅಕ್ಷರಸಾಲುಗಳನ್ನು ತಾಳೆ ನೋಡಿ 2022ರಲ್ಲಿ ವರದಿ ಮಾಡಿದರು. 712 ಲೇಖನಗಳಲ್ಲಿ ಸಾಲುಗಳೇ ತಪ್ಪು. ಒಂದು ಜೀನ್ ಪರೀಕ್ಷಿಸಿದೆವೆಂದು ಬರೆದವರು ಬಳಸಿದ್ದು ಇನ್ನೊಂದರ ಸಾಲು, ಇಲ್ಲವೇ ಯಾವ ಜೀನ್‌ಗೂ ಸೇರದ ಸಾಲು. ಹಣ ಕೊಟ್ಟರೆ ಲೇಖನ ಬರೆದುಕೊಡುವ ಕಾರ್ಖಾನೆಗಳ ಕೈವಾಡ ಇದರಲ್ಲಿ ಇದೆಯೆಂಬ ಅನುಮಾನ ಬರ್ನ್ ಅವರದು. ಆ 712ಕ್ಕೆ ಅದಾಗಲೇ 17 ಸಾವಿರಕ್ಕೂ ಹೆಚ್ಚು ಉಲ್ಲೇಖ ಬಂದಿತ್ತು.

ಪ್ರಾಮಾಣಿಕರೂ ಎಡವುತ್ತಾರೆ ಎಂಬುದಕ್ಕೆ ನಿಮ್ಮ ಕಂಪ್ಯೂಟರಿನಲ್ಲೇ ಒಂದು ಪರೀಕ್ಷೆ ಮಾಡಿ. ಎಕ್ಸೆಲ್ ತೆರೆದು ‘ಸೆಪ್ಟ್2’ ಎಂಬ ಜೀನ್ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪಿಸಿ ಎಂಟರ್ ಒತ್ತಿ. ಸೆಟ್ಟಿಂಗ್ ಬದಲಿಸಿರದಿದ್ದರೆ ಆ ಚೌಕದಲ್ಲಿ ಜೀನ್ ಉಳಿಯುವುದಿಲ್ಲ, ಸೆಪ್ಟೆಂಬರ್ ಎರಡನೇ ತಾರೀಖು ಬಂದು ಕೂರುತ್ತದೆ. ಎಕ್ಸೆಲ್ ಹಾಳೆಯಲ್ಲಿ ಜೀನ್ ಪಟ್ಟಿ ಲಗತ್ತಿಸಿದ ಲೇಖನಗಳಲ್ಲಿ ಸುಮಾರು ಐದರಲ್ಲೊಂದರಲ್ಲಿ ಇಂಥ ತಪ್ಪಿದೆಯೆಂದು 2016ರಲ್ಲಿ ಆಸ್ಟ್ರೇಲಿಯಾದ ತಂಡವೊಂದು ಪತ್ತೆಹಚ್ಚಿತು. ಕೊನೆಗೆ 2020ರಲ್ಲಿ ಜೀನ್‌ಗಳಿಗೆ ಹೆಸರಿಡುವ ಸಮಿತಿಯೇ ಸೋತು ಸೆಪ್ಟ್, ಮಾರ್ಚ್ ಮುಂತಾದ ಹೆಸರುಗಳನ್ನು ಬದಲಿಸಿತು. ಈ ಚಾಳಿ ನಿಲ್ಲಿಸುವ ಆಯ್ಕೆಯನ್ನು ಮೈಕ್ರೊಸಾಫ್ಟ್ ಕೊಟ್ಟಿದ್ದು 2023ರಲ್ಲಿ!

ತಪ್ಪು ಕಲ್ಪನೆ: ಇಂಪ್ಯಾಕ್ಟ್ ಫ್ಯಾಕ್ಟರ್ ಜಾಸ್ತಿಯಿರುವ ಪತ್ರಿಕೆಯಲ್ಲಿ ಬಂದದ್ದೆಲ್ಲ ದೊಡ್ಡ ಸಂಶೋಧನೆ

ಇಂಪ್ಯಾಕ್ಟ್ ಫ್ಯಾಕ್ಟರ್ ಎಂಬುದು ಪತ್ರಿಕೆಯ ಸರಾಸರಿ, ಲೇಖನದ ಅಂಕವಲ್ಲ. ಹಿಂದಿನ ಎರಡು ವರ್ಷಗಳ ಲೇಖನಗಳಿಗೆ ಈ ವರ್ಷ ಬಂದ ಉಲ್ಲೇಖಗಳನ್ನು ಆ ಲೇಖನಗಳ ಸಂಖ್ಯೆಯಿಂದ ಭಾಗಿಸಿದರೆ ಅದು ಸಿಗುತ್ತದೆ. ಸರಾಸರಿಯನ್ನು ಒಬ್ಬನೇ ಎತ್ತಿಬಿಡಬಹುದು. ಹರಳುಶಾಸ್ತ್ರದ ‘ಆಕ್ಟಾ ಕ್ರಿಸ್ಟಲೋಗ್ರಾಫಿಕಾ ಎ’ ಪತ್ರಿಕೆಯದು 2ರ ಆಸುಪಾಸಿನಲ್ಲಿದ್ದದ್ದು 2009ರಲ್ಲಿ ಹೆಚ್ಚುಕಡಿಮೆ 50ಕ್ಕೆ ಜಿಗಿಯಿತು. ಕಾರಣ ಒಂದೇ ಒಂದು ಲೇಖನ, ಅದೂ ಒಂದು ತಂತ್ರಾಂಶದ ಚರಿತ್ರೆ. ಮಾನವ ತಳಿವಿಜ್ಞಾನದಲ್ಲೂ ಉಲ್ಲೇಖದ ರಾಶಿ ಬೀಳುವುದು ಹೊಸ ಜೀನ್ ಕಂಡುಹಿಡಿದವರಿಗೇ ಎಂದೇನಿಲ್ಲ. 2007ರಲ್ಲಿ ‘ಅಮೆರಿಕನ್ ಜರ್ನಲ್ ಆಫ್ ಹ್ಯೂಮನ್ ಜೆನೆಟಿಕ್ಸ್’ನಲ್ಲಿ ಬಂದ ‘ಪ್ಲಿಂಕ್’ ಎಂಬ ತಂತ್ರಾಂಶದ ಲೇಖನ, ಡಿಎನ್ಎ ವ್ಯತ್ಯಾಸ ಅಪಾಯಕಾರಿಯೋ ಅಲ್ಲವೋ ಎಂದು ತೀರ್ಮಾನಿಸಲು ಲ್ಯಾಬುಗಳು ಅನುಸರಿಸುವ 2015ರ ಮಾರ್ಗಸೂಚಿ, ಇಂಥವೇ ಮುಂದಿವೆ. ಇವು ಉಪಕರಣಗಳು. ಬಳಸಿದವರೆಲ್ಲ ಹೆಸರು ಹೇಳುತ್ತಾರೆ.

ತುಮಕೂರಿನಿಂದ 70 ಕಿ.ಮೀ. ದೂರದ ಬೆಂಗಳೂರಿನಿಂದ ಹೊರಡುವ ‘ಜರ್ನಲ್ ಆಫ್ ಜೆನೆಟಿಕ್ಸ್’ ನೋಡಿ. ತಳಿವಿಜ್ಞಾನಿಗಳಾದ ಬೇಟ್ಸನ್ ಮತ್ತು ಪನ್ನೆಟ್ 1910ರಲ್ಲಿ ಇಂಗ್ಲೆಂಡಿನಲ್ಲಿ ಶುರು ಮಾಡಿದ ಪತ್ರಿಕೆ. ಜೆ.ಬಿ.ಎಸ್. ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದಾಗ ಪತ್ರಿಕೆಯನ್ನೂ ಜೊತೆಗೆ ತಂದರು. 1985ರಿಂದ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಪ್ರಕಟಿಸುತ್ತಿದೆ. ಇಂಪ್ಯಾಕ್ಟ್ ಫ್ಯಾಕ್ಟರ್ ಒಂದರ ಆಸುಪಾಸು. ಬಡ್ತಿಯ ಅಂಕಪಟ್ಟಿಯಲ್ಲಿ ಅದಕ್ಕೆ ತೂಕ ಸಾಲದು ಎನ್ನುವವರು ಅದರ ಹಳೆಯ ಸಂಚಿಕೆಗಳನ್ನು ಒಮ್ಮೆ ತಿರುವಿಹಾಕಲಿ.

ತಪ್ಪು ಕಲ್ಪನೆ: ಯಾವ ಜೀನ್ ಮುಖ್ಯವೋ, ಯಾವ ಜನಕ್ಕೆ ಬೇಕೋ ಅತ್ತಲೇ ಸಂಶೋಧನೆ ಹರಿಯುತ್ತದೆ

ಮನುಷ್ಯರಲ್ಲಿ ಪ್ರೋಟೀನ್ ತಯಾರಿಸುವ ಜೀನ್‌ಗಳು ಸುಮಾರು 20 ಸಾವಿರ. ‘ನೇಚರ್’ 2017ರಲ್ಲಿ ಲೆಕ್ಕ ಹಾಕಿದಾಗ ಅಮೆರಿಕದ ವೈದ್ಯಕೀಯ ಗ್ರಂಥಾಲಯ ಗುರುತು ಹಾಕಿದ ಜೀನ್ ಲೇಖನಗಳಲ್ಲಿ ಕಾಲುಭಾಗಕ್ಕೂ ಹೆಚ್ಚು ಕೇವಲ 100 ಜೀನ್‌ಗಳ ಮೇಲೆ ಇದ್ದವು. ಕ್ಯಾನ್ಸರ್ ತಡೆಯುವ ಟಿಪಿ53 ಎಲ್ಲಕ್ಕಿಂತ ಮುಂದೆ. ಎಲ್ಲರೂ ನಡೆದ ದಾರಿಯಲ್ಲಿ ನಡೆದರೆ ಉಲ್ಲೇಖವೂ ಸಿಗುತ್ತದೆ, ಅನುದಾನವೂ ಸಿಗುತ್ತದೆ.

ಅದಕ್ಕಿಂತ ದೊಡ್ಡ ಓರೆ ರಕ್ತದ ಮಾದರಿಗಳದ್ದು. ಇಡೀ ಜೀನೋಮ್ ಜಾಲಾಡಿ ಕಾಯಿಲೆಯ ನಂಟು ಹುಡುಕುವ ಅಧ್ಯಯನಗಳಲ್ಲಿ ಭಾಗವಹಿಸಿದವರಲ್ಲಿ 2016ರ ಲೆಕ್ಕದಂತೆ ಶೇ 81 ಮಂದಿ ಯುರೋಪಿಯನ್ ಮೂಲದವರು. ಆ ಅಧ್ಯಯನಗಳ ಮೇಲೆ ಕಟ್ಟಿದ ‘ರಿಸ್ಕ್ ಸ್ಕೋರ್’ಗಳ ನಿಖರತೆ ದಕ್ಷಿಣ ಏಷ್ಯಾದವರಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಕುಸಿಯುತ್ತದೆಂದು 2019ರಲ್ಲಿ ‘ನೇಚರ್ ಜೆನೆಟಿಕ್ಸ್’ ಪ್ರಕಟಿಸಿತು. ಎಂಜಲು ಕಳಿಸಿದರೆ ಸಕ್ಕರೆ ಕಾಯಿಲೆ, ಹೃದಯಾಘಾತದ ಭವಿಷ್ಯ ಹೇಳುತ್ತೇವೆನ್ನುವ ಜಾಹೀರಾತು ಕಂಡಾಗ ಇದು ನೆನಪಿರಲಿ.

ನಮ್ಮ ರಕ್ತದಲ್ಲಿ ನೋಡಬೇಕಾದ್ದು ಬೇರೆಯೇ ಇದೆ. ಕುಣಿಗಲ್ ಸ್ಟಡ್ ಫಾರ್ಮ್ ಎಲ್ಲರಿಗೂ ಗೊತ್ತು. ಟಿಪ್ಪುವಿನ ಕಾಲದಿಂದ ಕುದುರೆ ಬೆಳೆಸುವ ಜಾಗ. ರೇಸಿನ ಥರೋಬ್ರೆಡ್ ಕುದುರೆಗಳು ಇಂದು ಲೋಕದಲ್ಲಿ ಎಷ್ಟೇ ಇರಲಿ, ಗಂಡು ಕಡೆಯ ವಂಶಾವಳಿ ಹಿಡಿದು ಹೋದರೆ ಸಿಗುವುದು ಮೂರೇ ಗಂಡುಕುದುರೆ. ನಮ್ಮ ಎಷ್ಟೋ ಸಮುದಾಯಗಳದ್ದೂ ಹೆಚ್ಚುಕಡಿಮೆ ಇದೇ ಕಥೆ: ಹಿಂದೆಂದೋ ಕೆಲವೇ ಪೂರ್ವಜರು, ಆಮೇಲೆ ನೂರಾರು ವರ್ಷ ಒಳಗೊಳಗೇ ಮದುವೆ. ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆ ಮತ್ತು ಹಾರ್ವರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2017ರಲ್ಲಿ ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಗುಂಪುಗಳನ್ನು ನೋಡಿದಾಗ, 81 ಗುಂಪುಗಳಲ್ಲಿ ಈ ಪರಿಣಾಮ ಫಿನ್ಲೆಂಡಿನವರಿಗಿಂತ, ಅಶ್ಕೆನಾಜಿ ಯಹೂದಿಗಳಿಗಿಂತ ತೀವ್ರವಾಗಿತ್ತು. ಆ ಇಬ್ಬರ ಮೇಲೆ ಗ್ರಂಥಾಲಯ ತುಂಬುವಷ್ಟು ಲೇಖನಗಳಿವೆ. ನಮ್ಮವರ ಮೇಲೆ ಬೆರಳೆಣಿಕೆ.

ಆ ಅಧ್ಯಯನದಲ್ಲೇ ಬರುವ ಉದಾಹರಣೆ ವೈಶ್ಯ ಸಮುದಾಯದ್ದು; ತುಮಕೂರಿನ ಮಂಡಿಪೇಟೆಯಲ್ಲೂ, ಗುಬ್ಬಿ, ಕುಣಿಗಲ್ ಪೇಟೆಗಳಲ್ಲೂ ಈ ಸಮುದಾಯದವರಿದ್ದಾರೆ. ಆಪರೇಷನ್‌ಗೆ ಮುನ್ನ ಅರಿವಳಿಕೆ ವೈದ್ಯರು ಉಸಿರಿನ ಕೊಳವೆ ಹಾಕಲು ಸಕ್ಸಿನೈಲ್‌ಕೋಲಿನ್ ಎಂಬ ಔಷಧ ಕೊಟ್ಟು ಸ್ನಾಯುಗಳನ್ನು ಸಡಿಲಗೊಳಿಸುತ್ತಾರೆ. ರಕ್ತದ ಒಂದು ಕಿಣ್ವ ಕೆಲವೇ ನಿಮಿಷಗಳಲ್ಲಿ ಅದನ್ನು ಕರಗಿಸುತ್ತದೆ. ಆ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವವರಲ್ಲಿ ಔಷಧ ಗಂಟೆಗಟ್ಟಲೆ ಇಳಿಯುವುದಿಲ್ಲ, ಅಷ್ಟು ಹೊತ್ತೂ ವೆಂಟಿಲೇಟರ್ ಬೇಕು. ಈ ಕೊರತೆ ವೈಶ್ಯರಲ್ಲಿ ಇತರರಿಗಿಂತ ಸುಮಾರು ನೂರು ಪಟ್ಟು ಹೆಚ್ಚು. ಮೊದಲೇ ತಿಳಿದರೆ ಬೇರೆ ಔಷಧ ಕೊಡುತ್ತಾರೆ, ಅಪಾಯ ಮುಗಿಯಿತು. ಇದನ್ನು ಜಾತಿಯ ದೋಷವೆಂದು ಆಡಿಕೊಳ್ಳುವವರಿಗೆ ಒಂದು ಮಾತು: ಇವರದ್ದು ಗೊತ್ತಾಗಿದೆ, ಉಳಿದ ಸಮುದಾಯಗಳದ್ದು ಇನ್ನೂ ಹುಡುಕಿಲ್ಲ, ಅಷ್ಟೇ ವ್ಯತ್ಯಾಸ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಮುಂದಾಳತ್ವದಲ್ಲಿ 2020ರಲ್ಲಿ ಶುರುವಾದ ‘ಜೀನೋಮ್ ಇಂಡಿಯಾ’ 83 ಸಮುದಾಯಗಳ ಸುಮಾರು 10 ಸಾವಿರ ಜನರ ಜೀನೋಮ್ ಓದಿ, ಜನವರಿ 2025ರಲ್ಲಿ ದತ್ತಾಂಶವನ್ನು ಸಂಶೋಧಕರಿಗೆ ತೆರೆದಿದೆ. ಹುಡುಕಾಟ ಈಗ ಶುರು.

ತಪ್ಪು ಕಲ್ಪನೆ: ಅಕ್ಕನ ಮಗಳನ್ನು ತಂದರೆ ಮಗುವಿಗೆ ತೊಂದರೆ ಖಂಡಿತ / ನಮ್ಮ ಮನೆಯಲ್ಲಿ ಏನೂ ಆಗಿಲ್ಲ, ಎಲ್ಲ ಸುಳ್ಳು

ಗುಬ್ಬಿಯ ಯಾವ ಮದುವೆ ಮನೆಯಲ್ಲಿ ಬೇಕಾದರೂ ಎರಡೂ ಮಾತು ಕೇಳಬಹುದು, ಎರಡೂ ಸರಿಯಲ್ಲ. ಈ ವಿಷಯದಲ್ಲಿ ಜಗತ್ತು ಓದುವ ಸಂಶೋಧನೆಗಳಲ್ಲಿ ಕರ್ನಾಟಕದ್ದೂ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್, ಎ. ರಾಧಾ ರಮಾದೇವಿ, ಬ್ರಿಟನ್ನಿನ ಎ.ಎಚ್. ಬಿಟಲ್ಸ್ ಮುಂತಾದವರು 1980ರ ದಶಕದಲ್ಲಿ ರಾಜ್ಯದ ಒಂದು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳ ರಕ್ತ ಪರೀಕ್ಷಿಸಿದರು, ತಂದೆತಾಯಿಯ ಸಂಬಂಧವನ್ನೂ ಬರೆದುಕೊಂಡರು. ಅತ್ತೆಯ ಅಥವಾ ಮಾವನ ಮಕ್ಕಳನ್ನು ಮದುವೆಯಾದವರ ಮಗುವಿನಲ್ಲಿ 16ರಲ್ಲಿ ಒಂದು ಪಾಲು, ಸೋದರಮಾವನನ್ನು ಮದುವೆಯಾದವರ ಮಗುವಿನಲ್ಲಿ 8ರಲ್ಲಿ ಒಂದು ಪಾಲು ಜೀನ್‌ಗಳ ಎರಡೂ ಪ್ರತಿ ಒಂದೇ ಪೂರ್ವಜರಿಂದ ಬಂದಿರುತ್ತವೆ. ಅಡಗಿದ ದೋಷ ಹೊರಬೀಳುವುದು ಅಲ್ಲಿ. ಬಿಟಲ್ಸ್ ಅವರ 2010ರ ಅಂದಾಜಿನಂತೆ ಅತ್ತೆ-ಮಾವನ ಮಕ್ಕಳ ಮದುವೆಯಲ್ಲಿ ಮಕ್ಕಳ ಸಾವಿನ ಪ್ರಮಾಣ ಉಳಿದವರಿಗಿಂತ ನೂರಕ್ಕೆ ಮೂರೂವರೆಯಷ್ಟು ಹೆಚ್ಚು. ಅಂದರೆ ಬಹುಪಾಲು ಮಕ್ಕಳು ಆರೋಗ್ಯವಾಗಿರುತ್ತಾರೆ, ಆದರೂ ಅಪಾಯ ನಿಜ. ‘ಸಂಬಂಧ ಬಿಟ್ಟು ಹೊರಗೆ ಕೊಟ್ಟಿದ್ದೇವೆ’ ಎನ್ನುವವರೂ ಅದೇ ಸಮುದಾಯದೊಳಗೆ ಕೊಟ್ಟಿದ್ದರೆ, ಮೇಲೆ ಹೇಳಿದ ಕಾರಣಕ್ಕೆ, ಪೂರ್ತಿ ಹೊರಗೆ ಕೊಟ್ಟಂತಲ್ಲ.

ತಪ್ಪು ಕಲ್ಪನೆ: ಯುಜಿಸಿ ಪಟ್ಟಿಯಲ್ಲಿದೆ, ಅಂದಮೇಲೆ ಒಳ್ಳೆಯ ಪತ್ರಿಕೆಯೇ

ಪಟ್ಟಿಯೇ ಈಗಿಲ್ಲ. 2018ರ ಮೇ ತಿಂಗಳಲ್ಲಿ ಯುಜಿಸಿ ತನ್ನ ಅನುಮೋದಿತ ಪಟ್ಟಿಯಿಂದ 4,305 ಪತ್ರಿಕೆಗಳನ್ನು ಕಿತ್ತುಹಾಕಿತು. ಅದರ ಬದಲು ಬಂದ ‘ಕೇರ್’ ಪಟ್ಟಿಯನ್ನು 2025ರ ಫೆಬ್ರುವರಿಯಲ್ಲಿ ನಿಲ್ಲಿಸಿ, ಆಯ್ಕೆಯ ಹೊಣೆಯನ್ನು ವಿಶ್ವವಿದ್ಯಾಲಯಗಳಿಗೇ ಬಿಟ್ಟಿತು. ಏಳು ದಿನದಲ್ಲಿ ಪ್ರಕಟಣೆ, ಸರ್ಟಿಫಿಕೇಟ್ ಉಚಿತ ಎಂದು ವಾಟ್ಸ್‌ಆ್ಯಪಿನಲ್ಲಿ ಬರುವ ಸಂದೇಶಗಳು ಮಾತ್ರ ನಿಂತಿಲ್ಲ.

ತಪ್ಪು ಕಲ್ಪನೆ: ಆ ವಿದೇಶಿ ಪತ್ರಿಕೆಗಳು ನಮ್ಮಂಥ ಊರಿನವರಿಗೆ ಓದಲು ಸಿಗುವುದಿಲ್ಲ

2025ರ ಜನವರಿಯಿಂದ ಜಾರಿಯಲ್ಲಿರುವ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಮಂಜೂರಾಗಿದೆ. 30 ಪ್ರಕಾಶನ ಸಂಸ್ಥೆಗಳ ಸುಮಾರು 13 ಸಾವಿರ ಪತ್ರಿಕೆಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳ ವಿದ್ಯಾರ್ಥಿಗಳಿಗೆ, ಅಧ್ಯಾಪಕರಿಗೆ ತೆರೆದಿವೆ. ಖಾಸಗಿ ಕಾಲೇಜುಗಳಿಗೆ ಇನ್ನೂ ಆ ಭಾಗ್ಯವಿಲ್ಲ. ಕಾಲೇಜಿಗೇ ಸೇರದವರಿಗೆ ಪಬ್‌ಮೆಡ್ ಎಂಬ ಜಾಲತಾಣವಿದೆ. ಲೇಖನದ ಸಾರಾಂಶ ಅಲ್ಲಿ ಉಚಿತ. ಎಷ್ಟು ಜನರನ್ನು, ಯಾವ ದೇಶದವರನ್ನು ಪರೀಕ್ಷಿಸಿದ್ದಾರೆಂದು ಹೆಚ್ಚಿನ ಸಾರಾಂಶಗಳಲ್ಲೇ ಇರುತ್ತದೆ. ಲೇಖನವನ್ನು ಹಿಂತೆಗೆದುಕೊಂಡಿದ್ದರೆ ಪುಟದ ತಲೆಯಲ್ಲೇ ಕೆಂಪು ಪಟ್ಟಿಯಲ್ಲಿ ಬರೆದಿರುತ್ತಾರೆ.