ಮನೆಗೆ ಬರೆದ ಕಾಗದ ಸಾಕ್ಷಿಯಾದದ್ದು

1899ರ ಫೆಬ್ರವರಿಯಲ್ಲಿ ಅಮೆರಿಕದ ಸೇನೆಗೂ ಫಿಲಿಪ್ಪೀನ್ಸಿನ ಸ್ವಾತಂತ್ರ್ಯ ಹೋರಾಟಗಾರರಿಗೂ ಯುದ್ಧ ಶುರುವಾಯಿತು. ಅದಕ್ಕೆ ಎರಡು ತಿಂಗಳ ಹಿಂದಷ್ಟೇ ಸ್ಪೇನ್ ಆ ದ್ವೀಪಗಳನ್ನು 2 ಕೋಟಿ ಡಾಲರಿಗೆ ಅಮೆರಿಕಕ್ಕೆ ಬಿಟ್ಟುಕೊಟ್ಟಿತ್ತು. ಅಲ್ಲಿನ ಜನರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಮನಿಲಾದಿಂದ ವರದಿಗಾರರು ಕಳಿಸುವ ಟೆಲಿಗ್ರಾಂಗಳಿಗೆ ಜನರಲ್ ಓಟಿಸ್ ಕಚೇರಿ ಕತ್ತರಿ ಹಾಕುತ್ತಿತ್ತು. ಸೈನಿಕರು ಮನೆಗೆ ಬರೆದ ಕಾಗದಗಳು ಮಾತ್ರ ದಾಟಿಕೊಂಡು ಹೋದವು. ಮನೆಯವರು ಅವನ್ನು ಊರ ಪತ್ರಿಕೆಗೆ ಕೊಟ್ಟರು, ಪತ್ರಿಕೆಗಳು ಅಚ್ಚು ಹಾಕಿದವು. ಬೋಸ್ಟನ್ನಿನ ಸಾಮ್ರಾಜ್ಯಶಾಹಿ ವಿರೋಧಿ ಲೀಗ್ ಅದೇ ವರ್ಷ ಇಂಥ ಕಾಗದಗಳನ್ನು ಒಟ್ಟುಮಾಡಿ ಕಿರುಪುಸ್ತಿಕೆ ತಂದಿತು.

ಇವೆಲ್ಲ ನೊಂದ ಮನಸ್ಸಿನ ಬರಹಗಳು ಅಂತ ತಿಳಿಯಬೇಡಿ. ಕೆಲವರು ನೊಂದಿದ್ದಾರೆ, ನಿಜ. ಆದರೆ ಊರು ಸುಟ್ಟದ್ದನ್ನು, ಕೈಗೆ ಸಿಕ್ಕವರನ್ನು ಕೊಂದದ್ದನ್ನು ಬೇಟೆಯ ಕತೆಯ ಹಾಗೆ ಹೇಳಿಕೊಂಡವರೂ ಇದ್ದಾರೆ. ನನಗೆ ಕಾಣುವಂತೆ ಈ ಜಂಬದ ಕಾಗದಗಳೇ ಹೆಚ್ಚು ಗಟ್ಟಿ ಸಾಕ್ಷಿ. ಅಮ್ಮನಿಗೆ ಬರೆಯುವವನು ತನ್ನ ಮೇಲೆ ತಾನೇ ಆರೋಪಪಟ್ಟಿ ತಯಾರು ಮಾಡಲು ಕೂತಿರುವುದಿಲ್ಲವಲ್ಲ!

ಉತ್ಪ್ರೇಕ್ಷೆ ಇರಲಿಲ್ಲವೇ? ಇದ್ದೀತು. ಸೇನೆ ಹೇಳಿದ್ದೂ ಅದನ್ನೇ. ಪತ್ರಿಕೆಯ ತುಣುಕುಗಳು ಮನಿಲಾಕ್ಕೆ ವಾಪಸ್ ಹೋದವು, ಮೇಲಧಿಕಾರಿಗಳು ಬರೆದವರನ್ನು ಕರೆಸಿದರು, ಹಲವರು "ಸುಮ್ಮನೆ ಬರೆದೆ" ಅಂದುಬಿಟ್ಟರು. ಅಧಿಕಾರಿಯ ಮುಂದೆ ನಿಂತ ಸಿಪಾಯಿ ಬೇರೇನು ಹೇಳಿಯಾನು? ಆದರೆ 1902ರಲ್ಲಿ ಸೆನೆಟ್ ಸಮಿತಿಯ ಮುಂದೆ ಪ್ರಮಾಣ ಮಾಡಿ ಹೇಳಿಕೆ ಕೊಟ್ಟ ಸೈನಿಕರು ಊರು ಸುಡುವುದನ್ನೂ, ಬಾಯಿಗೆ ನೀರು ತುಂಬಿಸಿ ಹಿಂಸಿಸುವುದನ್ನೂ ವಿವರಿಸಿದರು. ಸಮಾರ್ ದ್ವೀಪದಲ್ಲಿ ಹತ್ತು ವರ್ಷ ದಾಟಿದವರನ್ನೆಲ್ಲ ಕೊಲ್ಲಲು ಹೇಳಿದ ಜನರಲ್ ಜೇಕಬ್ ಸ್ಮಿತ್‌ಗೆ ಅದೇ ವರ್ಷ ಸಿಕ್ಕ ಶಿಕ್ಷೆ ಒಂದು ಛೀಮಾರಿ ಮತ್ತು ನಿವೃತ್ತಿ.

ವಿದ್ಯಾರ್ಥಿಗಳು ಇಂಥ ಕಾಗದ ಓದುವಾಗ ಅದರಲ್ಲಿ ಇಲ್ಲದ್ದನ್ನೂ ಹುಡುಕಬೇಕು. ಸತ್ತವರ ಹೆಸರು ಸಾಮಾನ್ಯವಾಗಿ ಅದರಲ್ಲಿರುವುದಿಲ್ಲ. ಸೈನಿಕ ಗುಡಿಸಲಿಗೆ, ಭತ್ತಕ್ಕೆ ಬೆಂಕಿಯಿಟ್ಟು ಮುಂದಿನ ಊರಿಗೆ ನಡೆಯುತ್ತಾನೆ. ಆಮೇಲೆ ಅಲ್ಲಿ ಹಸಿವಿನಿಂದ ಯಾರು ಸತ್ತರು ಅಂತ ಅವನಿಗೆ ಗೊತ್ತಾಗುವುದೇ ಇಲ್ಲ. ಬತಂಗಾಸ್‌ನಲ್ಲಿ ಜನರನ್ನು ಒಂದೆಡೆ ಕೂಡಿಹಾಕಿ ಹೊರಗಿನ ಬೆಳೆ, ದನಕರು ನಾಶಮಾಡಿದರು. 1902ರಲ್ಲಿ ಕಾಲರಾ ಬಂತು. ಈ ಯುದ್ಧದ ಹಿಂಸೆ, ಹಸಿವು, ರೋಗಗಳಿಗೆ ಸುಮಾರು 2 ಲಕ್ಷ ನಾಗರಿಕರು ಬಲಿಯಾದರು ಎಂಬುದು ಸಾಮಾನ್ಯವಾಗಿ ಕೊಡುವ ಅಂದಾಜು. ಅವರಲ್ಲಿ ಬಹುಪಾಲು ಜನ ಯಾವ ಸೈನಿಕನ ಕಾಗದದಲ್ಲೂ ಬಂದಿಲ್ಲ.