ಬಚ್ಚಲುಮನೆಯ ಬಿಸಿನೀರು: ಬಿಲ್ಲಿನಲ್ಲಿ ಕಾಣುವ ವೆಚ್ಚ, ಕಾಣದ ವೆಚ್ಚ

ಮನೆ ಕಟ್ಟಿಸುವವರೂ ಹಳೆಯ ಮನೆಯನ್ನು ನವೀಕರಿಸುವವರೂ ಅತಿ ಹೆಚ್ಚು ಚೌಕಾಸಿ ಮಾಡುವ ಸ್ಥಳ ಬಚ್ಚಲುಮನೆ. ಟೈಲ್ಸ್‌ನ ಬಣ್ಣ, ನಲ್ಲಿಯ ಹೊಳಪು, ಷವರಿನ ವಿನ್ಯಾಸ ಇವುಗಳ ಆಯ್ಕೆಗೆ ನಾಲ್ಕಾರು ಅಂಗಡಿ ಸುತ್ತುವ ಗೃಹಸ್ಥರು, ನೀರು ಕಾಯಿಸುವ ವ್ಯವಸ್ಥೆಯನ್ನು ಮಾತ್ರ ಪ್ಲಂಬರ್ ಹೇಳಿದಂತೆ ಒಪ್ಪಿಬಿಡುತ್ತಾರೆ. ಇಲ್ಲವೇ ಉಳಿತಾಯದ ಆಸೆಯಿಂದ ತಾವೇ ಡ್ರಿಲ್ ಹಿಡಿದು ನಿಲ್ಲುತ್ತಾರೆ. ಈ ಎರಡಕ್ಕೂ ನಡುವೆ ಒಂದು ವಿವೇಕದ ದಾರಿ ಇದೆ. ಕಟ್ಟಡ ನಿರ್ಮಾಣ ನನ್ನ ವೃತ್ತಿಯಲ್ಲ. ಲೆಕ್ಕ ನೋಡುವುದು ನನ್ನ ವೃತ್ತಿ. ಆದ್ದರಿಂದ ಲೆಕ್ಕದಿಂದಲೇ ಆರಂಭಿಸುತ್ತೇನೆ.

ಒಂದು ಸ್ನಾನಕ್ಕೆ ಎಷ್ಟು ಶಾಖ?

ಒಂದು ಲೀಟರ್ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಒಂದು ಕಿಲೊಕ್ಯಾಲರಿ ಶಾಖ ಬೇಕು. ಒಂದು ಯೂನಿಟ್ ವಿದ್ಯುತ್ತಿನಲ್ಲಿ 860 ಕಿಲೊಕ್ಯಾಲರಿ ಇದೆ. ತೊಟ್ಟಿಯ ನೀರು 22 ಡಿಗ್ರಿ ಇದ್ದು, ಸ್ನಾನಕ್ಕೆ 40 ಡಿಗ್ರಿಯ 20 ಲೀಟರ್ ನೀರು, ಅಂದರೆ ಒಂದು ದೊಡ್ಡ ಬಕೆಟ್ ಸಾಕು ಎಂದಿಟ್ಟುಕೊಳ್ಳೋಣ. ಆಗ ಬೇಕಾಗುವುದು 360 ಕಿಲೊಕ್ಯಾಲರಿ. ಅರ್ಧ ಯೂನಿಟ್‌ಗಿಂತಲೂ ಕಡಿಮೆ. ನಾಲ್ವರ ಕುಟುಂಬಕ್ಕೆ, ಗೀಸರ್ ತಣ್ಣಗಾಗುವ ನಷ್ಟವನ್ನೂ ಸೇರಿಸಿ, ದಿನಕ್ಕೆ ಸುಮಾರು 2 ಯೂನಿಟ್, ತಿಂಗಳಿಗೆ 60 ಯೂನಿಟ್. ಯೂನಿಟ್‌ಗೆ 6 ರೂ. ಎಂದು ಹಿಡಿದರೆ 360 ರೂ. ಆಯಿತು.

ಇದೇ ಸ್ನಾನವನ್ನು ಅಡುಗೆ ಅನಿಲದಿಂದ ಲೆಕ್ಕ ಹಾಕೋಣ. ಒಂದು ಕೆ.ಜಿ. ಎಲ್‌ಪಿಜಿ ಉರಿದಾಗ ಹೊರಡುವ ಸುಮಾರು 11,000 ಕಿಲೊಕ್ಯಾಲರಿಯಲ್ಲಿ ಶೇ 80ರಷ್ಟು ನೀರಿಗೆ ಸೇರಿತೆಂದರೆ, ನಾಲ್ವರಿಗೆ ತಿಂಗಳಿಗೆ ಸುಮಾರು 5 ಕೆ.ಜಿ. ಅನಿಲ ಬೇಕು. 14.2 ಕೆ.ಜಿ. ಸಿಲಿಂಡರ್‌ಗೆ 850 ರೂ. ಎಂದು ಹಿಡಿದರೆ ಇದರ ಬೆಲೆ 300 ರೂ. ವ್ಯತ್ಯಾಸ ತಿಂಗಳಿಗೆ 60 ರೂಪಾಯಿ. ದರಗಳು ಆಗಾಗ ಬದಲಾಗುತ್ತವೆ. ವಾಚಕರು ತಮ್ಮ ಊರಿನ ದರವನ್ನು ಹಾಕಿ ನೋಡಬಹುದು. ಆದರೆ ಜನ ನಂಬಿರುವಷ್ಟು ದೊಡ್ಡ ಅಂತರ ಸಿಗುವುದಿಲ್ಲ. ಈ 60 ರೂಪಾಯಿಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ.

2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆ ಈ ಲೆಕ್ಕವನ್ನು ಇನ್ನಷ್ಟು ತಿರುಗಿಸಿದೆ. ಫಲಾನುಭವಿಗಳ ಉಚಿತ ಮಿತಿಯೊಳಗೇ ಗೀಸರ್ ಬಳಕೆಯೂ ಅಡಗಿದರೆ ವಿದ್ಯುತ್ ಸ್ನಾನದ ವೆಚ್ಚ ಸೊನ್ನೆ. ಬಳಕೆ 200 ಯೂನಿಟ್ ದಾಟಿದರೆ ಮಾತ್ರ ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ. 210 ಯೂನಿಟ್ ಬಳಸುವ ಮನೆಯಲ್ಲಿ ಮೇಲಿನ 10 ಯೂನಿಟ್‌ನ ಬೆಲೆ 60 ರೂ. ಅಲ್ಲ, ಇಡೀ ಬಿಲ್ಲಿನ ಮೊತ್ತ. ಅಂಥ ಮನೆಯವರಿಗೆ ಸೌರ ಜಲತಾಪಕ ಬಹುಬೇಗ ಲಾಭ ತರುತ್ತದೆ. 120 ಯೂನಿಟ್ ಬಳಸುವ ಮನೆಗೆ ಅದೇ ಉಪಕರಣ ನಗದಿನ ಲೆಕ್ಕದಲ್ಲಿ ಏನನ್ನೂ ಉಳಿಸದಿರಬಹುದು.

ಗ್ಯಾಸ್ ಗೀಸರ್ ಮತ್ತು ಮುಚ್ಚಿದ ಬಾಗಿಲು

ಹಿಂದೆ ನಮ್ಮ ಮನೆಗಳಲ್ಲಿ ಹಂಡೆಯ ಒಲೆ ಬಚ್ಚಲಿನಲ್ಲಿಯೇ ಇರುತ್ತಿತ್ತು. ನೀರು ತುಂಬುವ ಹಬ್ಬದಂದು ಅದಕ್ಕೆ ಪೂಜೆಯೂ ಸಲ್ಲುತ್ತಿತ್ತು. ಸೌದೆಯ ಹೊಗೆ ಕಣ್ಣಿಗೆ ಕಾಣುತ್ತಿತ್ತು, ಮೂಗಿಗೆ ಘಾಟು ಹತ್ತುತ್ತಿತ್ತು; ಹೆಂಚಿನ ಸಂದಿಯಲ್ಲಿ, ಹೊಗೆಗೂಡಿನಲ್ಲಿ ಅದು ಹೊರಗೆ ಹೋಗುತ್ತಿತ್ತು. ಇಂದಿನ ಬಚ್ಚಲುಮನೆ ಕಾಂಕ್ರೀಟಿನ ಪೆಟ್ಟಿಗೆ. ಚಳಿಗಾಲದ ಮುಂಜಾನೆ ಅದರ ಗಾಜಿನ ಪಟ್ಟಿಯ ಕಿಟಕಿಯನ್ನೂ ಮುಚ್ಚಿ ಸ್ನಾನಕ್ಕೆ ಇಳಿಯುತ್ತೇವೆ.

ನಿಮಿಷಕ್ಕೆ 6 ಲೀಟರ್ ನೀರನ್ನು 25 ಡಿಗ್ರಿ ಏರಿಸುವ ಗ್ಯಾಸ್ ಗೀಸರ್, ಅಡುಗೆ ಒಲೆಯ ದೊಡ್ಡ ಬರ್ನರ್‌ಗಿಂತ ನಾಲ್ಕೈದು ಪಟ್ಟು ಹೆಚ್ಚು ಅನಿಲವನ್ನು ಉರಿಸುತ್ತದೆ. ಒಂದು ಕೆ.ಜಿ. ಎಲ್‌ಪಿಜಿ ಪೂರ್ಣವಾಗಿ ಉರಿಯಲು ಸುಮಾರು 12ರಿಂದ 13 ಘನ ಮೀಟರ್ ಗಾಳಿ ಬೇಕು. 5 ಅಡಿ ಅಗಲ, 7 ಅಡಿ ಉದ್ದ, 9 ಅಡಿ ಎತ್ತರದ ಬಚ್ಚಲಿನಲ್ಲಿರುವ ಗಾಳಿ 315 ಘನ ಅಡಿ, ಅಂದರೆ 9 ಘನ ಮೀಟರ್‌ಗೂ ತುಸು ಕಡಿಮೆ. ಹದಿನೈದು ನಿಮಿಷ ಗೀಸರ್ ಉರಿದರೆ ಆ ಕೋಣೆಯ ಮೂರನೆಯ ಒಂದು ಭಾಗದಷ್ಟು ಗಾಳಿಯನ್ನು ಅದೇ ಕಬಳಿಸಿರುತ್ತದೆ. ಆಮ್ಲಜನಕ ಕುಗ್ಗಿದಂತೆ ಅನಿಲ ಅರೆಬರೆಯಾಗಿ ಉರಿದು ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ಹೇಳಲೇಬೇಕು. "ಗ್ಯಾಸ್ ಸೋರಿದರೆ ವಾಸನೆ ಬರುತ್ತದಲ್ಲ?" ಎಂದು ವಿದ್ಯಾವಂತರೇ ಕೇಳುತ್ತಾರೆ. ಆ ವಾಸನೆ ಉರಿಯದ ಎಲ್‌ಪಿಜಿಗೆ ಬೆರೆಸಿದ ರಾಸಾಯನಿಕದ್ದು. ಉರಿದ ಮೇಲೆ ಹುಟ್ಟುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಘಾಟಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು. ಅನಂತರ ಕೈಕಾಲು ಸೋತು, ಚಿಲಕ ತೆಗೆಯುವ ಶಕ್ತಿಯೂ ಉಳಿಯುವುದಿಲ್ಲ. ಸ್ನಾನಕ್ಕೆ ಹೋದವರು ಹೊರಗೆ ಬರಲಿಲ್ಲವೆಂಬ ಸುದ್ದಿಯನ್ನು ಚಳಿಗಾಲದ ಪತ್ರಿಕೆಗಳಲ್ಲಿ ನಾವೆಲ್ಲರೂ ಓದಿದ್ದೇವೆ.

ಗ್ಯಾಸ್ ಗೀಸರ್ ಬೇಡವೇ ಬೇಡ ಎಂದು ನಾನು ವಾದಿಸುತ್ತಿಲ್ಲ. ವಿದ್ಯುತ್ ಕೈಕೊಡುವ ಊರುಗಳಲ್ಲಿ, ಒಟ್ಟಿಗೆ ಹಲವರು ಸ್ನಾನ ಮಾಡುವ ಮನೆಗಳಲ್ಲಿ ಅದರ ಉಪಯೋಗವಿದೆ. ಆದರೆ ಅದರ ಜಾಗ ಬಚ್ಚಲಿನ ಹೊರಗೆ, ಗಾಳಿ ಸದಾ ಆಡುವ ಯುಟಿಲಿಟಿ ಅಥವಾ ಹಿತ್ತಿಲ ಗೋಡೆಯ ಮೇಲೆ. ಅಲ್ಲಿಂದ ಬಿಸಿನೀರಿನ ಪೈಪನ್ನು ಮಾತ್ರ ಒಳಗೆ ತರಬೇಕು. ಹೆಚ್ಚುವರಿ ಪೈಪು, ಗೋಡೆ ಕೊರೆಯುವ ಕೂಲಿ ಸೇರಿ ಒಂದೆರಡು ಸಾವಿರ ರೂಪಾಯಿ ಹೆಚ್ಚು ತಗುಲೀತು. ಬಚ್ಚಲಿಗೆ ತೆರೆದುಕೊಂಡಿರುವ, ಮೂರು ಕಡೆ ಗಾಜು ಹಾಕಿ ಮುಚ್ಚಿದ ಯುಟಿಲಿಟಿಯನ್ನು ಹೊರಗೆ ಎಂದು ಪರಿಗಣಿಸಬಾರದು. ಎಕ್ಸಾಸ್ಟ್ ಫ್ಯಾನ್ ಇದೆಯೆಂದು ಒಳಗೇ ಇಡುವುದೂ ಸರಿಯಲ್ಲ. ಒಳಗೆ ಗಾಳಿ ಬರಲು ದಾರಿಯಿಲ್ಲದಿದ್ದರೆ ಫ್ಯಾನ್ ತಿರುಗುತ್ತದೆಯೇ ಹೊರತು ಕೋಣೆಗೆ ಹೊಸ ಗಾಳಿ ಸೇರುವುದಿಲ್ಲ. ತಿಂಗಳಿಗೆ 60 ರೂಪಾಯಿಯ ಉಳಿತಾಯಕ್ಕಾಗಿ ಈ ಅಪಾಯವನ್ನು ಯಾವ ಲೆಕ್ಕಪರಿಶೋಧಕನೂ ಒಪ್ಪಲಾರ.

ಬಾಡಿಗೆ ಮನೆಗಳ ಮಾಲೀಕರಿಗೆ ಒಂದು ಮಾತು. ಮನೆ ಬಾಡಿಗೆಯ ಆದಾಯದಲ್ಲಿ ದುರಸ್ತಿಗೆಂದು ಶೇ 30ರ ಕಡಿತ ಆದಾಯ ತೆರಿಗೆ ಕಾನೂನಿನಲ್ಲಿ ಸಿಗುತ್ತದೆ. ಖರ್ಚು ಮಾಡಿದರೂ ಅಷ್ಟೇ, ಮಾಡದಿದ್ದರೂ ಅಷ್ಟೇ. ಈ ಅನುಕೂಲದಿಂದಲೇ ಏನೋ, ಏನನ್ನೂ ಖರ್ಚು ಮಾಡದೆ ಕಡಿತ ಪಡೆಯುವವರು ಅನೇಕರು. ಬಾಡಿಗೆದಾರರು ತಾವೇ ಗ್ಯಾಸ್ ಗೀಸರ್ ತಂದು ಬಚ್ಚಲಿನೊಳಗೆ ಮೊಳೆ ಹೊಡೆಯುವ ಮುನ್ನ, ಆ ಶೇ 30ರ ಒಂದು ಸಣ್ಣ ಅಂಶದಿಂದ ಹೊರಗಡೆ ಒಂದು ಪಾಯಿಂಟ್ ಮಾಡಿಸಿಕೊಡುವುದು ಉಚಿತ.

ಅರ್ಥಿಂಗ್ ಎಂಬ ಅದೃಶ್ಯ ಆಸ್ತಿ

ವಿದ್ಯುತ್ ಗೀಸರ್‌ನ ಅಪಾಯ ಬೇರೆ ಬಗೆಯದು. 2 ಕಿಲೊವ್ಯಾಟ್ ಗೀಸರ್ ಸುಮಾರು 9 ಆಂಪಿಯರ್, 3 ಕಿಲೊವ್ಯಾಟಿನ ಇನ್‌ಸ್ಟಂಟ್ ಗೀಸರ್ 13 ಆಂಪಿಯರ್ ಎಳೆಯುತ್ತದೆ. ಇವುಗಳಿಗೆ 16 ಆಂಪಿಯರ್‌ನ ಪ್ರತ್ಯೇಕ ಸರ್ಕ್ಯೂಟ್, ತಕ್ಕ ದಪ್ಪದ ತಾಮ್ರದ ತಂತಿ ಬೇಕು. ದೀಪದ ಸಾಲಿನಿಂದ ಎಳೆದ ತಂತಿಗೆ ಜೋಡಿಸುವುದು ಬೆಂಕಿಗೆ ಆಹ್ವಾನ.

"ಎಂಸಿಬಿ ಇದೆಯಲ್ಲ" ಎಂಬ ಸಮಾಧಾನ ಬಹಳ ಜನರಲ್ಲಿದೆ. 16 ಆಂಪಿಯರ್‌ನ ಎಂಸಿಬಿ ತಂತಿಯನ್ನು ಕಾಯುತ್ತದೆ, ಮನುಷ್ಯನನ್ನಲ್ಲ. ಮನುಷ್ಯನನ್ನು ಕಾಯುವುದು ಆರ್‌ಸಿಸಿಬಿ; ಅದು 30 ಮಿಲಿ ಆಂಪಿಯರ್ ಸೋರಿಕೆಯಾದೊಡನೆ ವಿದ್ಯುತ್ತನ್ನು ಕಡಿಯುತ್ತದೆ. ಎರಡು ಮಿತಿಗಳ ನಡುವೆ ಐನೂರು ಪಟ್ಟಿಗೂ ಹೆಚ್ಚಿನ ಅಂತರವಿದೆ. ಒದ್ದೆ ಮೈಯಲ್ಲಿ ನಿಂತವನಿಗೆ ಮಾರಕವಾಗುವ ಪ್ರವಾಹ ಈ ಅಂತರದೊಳಗೇ ಬರುತ್ತದೆ.

ಹಳೆಯ ಮನೆಗಳನ್ನು ನವೀಕರಿಸುವವರು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ಹಿಂದೆ ಅನೇಕ ಮನೆಗಳಲ್ಲಿ ಅರ್ಥ್ ತಂತಿಯನ್ನು ಕಬ್ಬಿಣದ ನೀರಿನ ಪೈಪಿಗೆ ಸುತ್ತಿ ಕೆಲಸ ಮುಗಿಸುತ್ತಿದ್ದರು. ಅದು ಆಗಲೂ ಸರಿಯಾದ ಕ್ರಮವಲ್ಲ. ಈಗ ಆ ಪೈಪನ್ನು ತೆಗೆದು ಪ್ಲಾಸ್ಟಿಕ್ ಪೈಪು ಹಾಕಿದೊಡನೆ ಭೂಮಿಯ ಸಂಪರ್ಕವೇ ಕಡಿದುಹೋಗುತ್ತದೆ. ಪ್ಲಂಬರ್‌ಗೆ ಅದು ಗೊತ್ತಿಲ್ಲ, ಎಲೆಕ್ಟ್ರಿಷಿಯನ್‌ನನ್ನು ಯಾರೂ ಕರೆದಿಲ್ಲ. ಮೂರು ಪಿನ್ನಿನ ಸಾಕೆಟ್ ಮಾತ್ರ ಎಂದಿನಂತೆಯೇ ಕಾಣುತ್ತದೆ. ಇನ್ನು ಕೆಲವರು ಅರ್ಥ್ ಸಿಗದಿದ್ದಾಗ ಸಾಕೆಟ್ಟಿನಲ್ಲಿಯೇ ನ್ಯೂಟ್ರಲ್ ತಂತಿಯನ್ನು ಅರ್ಥ್ ಪಿನ್ನಿಗೆ ಸೇರಿಸುತ್ತಾರೆ. ನ್ಯೂಟ್ರಲ್ ಎಲ್ಲೋ ಕಡಿದರೆ ಗೀಸರ್‌ನ ಮೈಗೆ ನೇರವಾಗಿ ವಿದ್ಯುತ್ ಬರುತ್ತದೆ. ನಲ್ಲಿ ಹಿಡಿದಾಗ "ಜುಂ" ಎನ್ನುತ್ತದೆ ಎಂದು ಯಾರಾದರೂ ಹೇಳಿದರೆ ಆ ಕ್ಷಣದಲ್ಲಿಯೇ ಮುಖ್ಯ ಸ್ವಿಚ್ ಆರಿಸಬೇಕು.

ವೈರಿಂಗ್ ಕೆಲಸವನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸಬೇಕು. ಇಲ್ಲಿ ಸ್ವಂತ ಕೈಚಳಕಕ್ಕೆ ಎಡೆಯಿಲ್ಲ.

ಸೌರ ಜಲತಾಪಕ

2007ರಲ್ಲಿ ರಾಜ್ಯ ಸರ್ಕಾರವು ನಿರ್ದಿಷ್ಟ ವಿಸ್ತೀರ್ಣ ಮೀರಿದ ಹೊಸ ಕಟ್ಟಡಗಳಿಗೆ ಸೌರ ಜಲತಾಪಕವನ್ನು ಕಡ್ಡಾಯಗೊಳಿಸಿತು. ಇದರಿಂದ ಬೆಂಗಳೂರಿನ ತಾರಸಿಗಳ ನೋಟವೇ ಬದಲಾಯಿತು. ವಿದ್ಯುತ್ ಸಂಪರ್ಕಕ್ಕಾಗಿ ಅತಿ ಅಗ್ಗದ್ದನ್ನು ತಂದು ನಿಲ್ಲಿಸಿದವರೂ ಇದ್ದಾರೆನ್ನಿ. ದಿನಕ್ಕೆ 100 ಲೀಟರ್‌ಗೆ ಸುಮಾರು 2 ಚದರ ಮೀಟರ್ ಫಲಕ, ದಕ್ಷಿಣಾಭಿಮುಖ, ನೆರಳು ಬೀಳದ ಜಾಗ: ಇಷ್ಟು ಮೂಲ ಸೂತ್ರ. ಕೊಳವೆಬಾವಿಯ ಗಡಸು ನೀರಾದರೆ ಚಪ್ಪಟೆ ಫಲಕದ ಸಣ್ಣ ತಾಮ್ರದ ಕೊಳವೆಗಳು ಸುಣ್ಣ ಕಟ್ಟಿ ಮುಚ್ಚಿಹೋಗುತ್ತವೆ. ಗಾಜಿನ ನಿರ್ವಾತ ಕೊಳವೆಯ ಬಗೆ ಲೇಸು.

ಮೂರಂತಸ್ತಿನ ಮನೆಯಲ್ಲಿ ತಾರಸಿಯಿಂದ ನೆಲಮಹಡಿಯ ಬಚ್ಚಲಿಗೆ 20 ಮೀಟರ್ ಪೈಪು ಸುಲಭವಾಗಿ ಆಗುತ್ತದೆ. ಒಳವ್ಯಾಸ 20 ಮಿ.ಮೀ. ಇದ್ದರೆ ಅದರಲ್ಲಿ ನಿಂತ 6 ಲೀಟರ್ ತಣ್ಣೀರು ಪ್ರತಿ ಬೆಳಿಗ್ಗೆ ಮೊದಲು ಹರಿದುಹೋಗಬೇಕು. ಬಿಸಿನೀರಿನ ಪೈಪಿಗೆ ಶಾಖನಿರೋಧಕ ಹೊದಿಕೆ ಹಾಕಿಸಿದರೆ ಒಬ್ಬರ ನಂತರ ಒಬ್ಬರು ಸ್ನಾನ ಮಾಡುವಾಗ ಈ ನಷ್ಟ ಒಮ್ಮೆಗೇ ಮುಗಿಯುತ್ತದೆ. ಆ ಮೊದಲ ನೀರಿಗೆ ಒಂದು ಬಕೆಟ್ ಹಿಡಿಯುವ ಅಭ್ಯಾಸ ನೀರಿನ ಟ್ಯಾಂಕರ್ ತರಿಸುವ ಬಡಾವಣೆಗಳಲ್ಲಿ ಈಗಾಗಲೇ ಬಂದಿದೆ.

ತೆರಿಗೆಯ ವಿಷಯ: ಸೌರ ಜಲತಾಪಕದ ಮೇಲಿನ ಜಿಎಸ್‌ಟಿ 2022ರ ಜುಲೈನಲ್ಲಿ ಶೇ 5ರಿಂದ 12ಕ್ಕೆ ಏರಿ, 2025ರ ಸೆಪ್ಟೆಂಬರ್ 22ರಿಂದ ಮತ್ತೆ ಶೇ 5ಕ್ಕೆ ಇಳಿದಿದೆ. ವಿದ್ಯುತ್ ಗೀಸರ್‌ಗೆ 2018ರ ಜುಲೈನಿಂದ ಶೇ 18. ವಸತಿಗೃಹ, ಹಾಸ್ಟೆಲ್ ನಡೆಸುವ ಸದಸ್ಯರು ಸೌರ ಉಪಕರಣಗಳ ಸವಕಳಿ ದರ 2017-18ನೇ ಸಾಲಿನಿಂದ ಶೇ 80ರ ಬದಲು 40 ಆಗಿರುವುದನ್ನು ಗಮನಿಸಬೇಕು. ಹಳೆಯ ಲೆಕ್ಕದ ಮೇಲೆ ಖರೀದಿಗೆ ಒತ್ತಾಯಿಸುವ ಮಾರಾಟಗಾರರು ಇನ್ನೂ ಸಿಗುತ್ತಾರೆ.

ಗೋಡೆಯೊಳಗೆ ಹೋಗುವ ಸರಕು

ತಣ್ಣೀರಿಗೆ ಬಳಸುವ ಯುಪಿವಿಸಿ ಪೈಪು 45 ಡಿಗ್ರಿಯವರೆಗಿನ ನೀರಿಗೆ ಮಾತ್ರ ಯೋಗ್ಯ. ಬಿಸಿನೀರಿಗೆ ಸಿಪಿವಿಸಿಯೇ ಆಗಬೇಕು. ಎರಡರ ಬೆಲೆಯ ವ್ಯತ್ಯಾಸ ಒಂದು ಬಚ್ಚಲಿಗೆ ಹೆಚ್ಚೇನೂ ಆಗದು. ಆದರೆ ತಪ್ಪು ಪೈಪು ಗೋಡೆಯೊಳಗೆ ಸೇರಿ ಮೇಲೆ ಟೈಲ್ಸ್ ಬಂದ ನಂತರ ಅದನ್ನು ಬದಲಾಯಿಸುವುದೆಂದರೆ ಬಚ್ಚಲನ್ನೇ ಒಡೆಯುವುದು. ಟೈಲ್ಸ್ ಹಾಕುವ ಮೊದಲು ಎರಡು ಪರೀಕ್ಷೆಗಳನ್ನು ಮಾಲೀಕರು ಎದುರು ನಿಂತು ಮಾಡಿಸಬೇಕು. ಒಂದು, ಪೈಪುಗಳಲ್ಲಿ ಒತ್ತಡದ ನೀರು ತುಂಬಿ ಸೋರಿಕೆ ನೋಡುವುದು. ಇನ್ನೊಂದು, ಜಲನಿರೋಧಕ ಲೇಪನವಾದ ಮೇಲೆ ಹೊರಗಂಡಿಗೆ ಬಟ್ಟೆ ಬಿಗಿದು ನೆಲದಲ್ಲಿ ಎರಡಂಗುಲ ನೀರು ನಿಲ್ಲಿಸಿ, ಎರಡು ದಿನ ಬಿಟ್ಟು, ಕೆಳಗಿನ ಕೋಣೆಯ ತಾರಸಿ ನೋಡುವುದು. "ಎರಡು ದಿನ ಕೆಲಸ ನಿಲ್ಲುತ್ತದೆ ಸಾರ್" ಎಂದು ಮೇಸ್ತ್ರಿ ಹೇಳಿಯೇ ಹೇಳುತ್ತಾನೆ. ನಿಲ್ಲಲಿ.

ತಾವೇ ಮಾಡಬಹುದಾದದ್ದು

ನಲ್ಲಿಯ ವಾಷರ್ ಬದಲಿಸುವುದು, ಷವರಿನ ರಂಧ್ರಗಳಿಂದ ಸುಣ್ಣ ತೆಗೆಯುವುದು, ತಣ್ಣೀರಿನ ಕೀಲಿಗೆ ಟೆಫ್ಲಾನ್ ಟೇಪ್ ಸುತ್ತುವುದು, ಗೀಸರ್‌ನ ಉಷ್ಣತೆಯನ್ನು ಕೊನೆಯ ಅಂಕದಿಂದ ಕೆಳಗೆ ತಿರುಗಿಸುವುದು, ತಿಂಗಳಿಗೊಮ್ಮೆ ಆರ್‌ಸಿಸಿಬಿಯ ಪರೀಕ್ಷಾ ಗುಂಡಿಯನ್ನು ಒತ್ತಿ ವಿದ್ಯುತ್ ಕಡಿಯುತ್ತದೆಯೇ ಎಂದು ನೋಡುವುದು: ಇವೆಲ್ಲ ಗೃಹಸ್ಥರ ಕೈಗೆ ನಿಲುಕುವ ಕೆಲಸಗಳೇ. ಗೀಸರ್‌ನ ಸುರಕ್ಷತಾ ವಾಲ್ವಿನಿಂದ ಬಿಸಿಯೇರುವಾಗ ನಾಲ್ಕು ಹನಿ ಬಿದ್ದರೆ ಗಾಬರಿ ಬೇಡ. ಹಿಗ್ಗಿದ ನೀರಿಗೆ ಅದೇ ದಾರಿ. ಅದನ್ನು ಸೋರಿಕೆಯೆಂದು ತಿಳಿದು ಬಿರಡೆ ಹಾಕಿ ಮುಚ್ಚುವವರಿದ್ದಾರೆ. ಹಾಗೆ ಮಾಡಿದ ಮೇಲೆ ಥರ್ಮೋಸ್ಟಾಟ್ ಕೆಟ್ಟರೆ ಒಳಗಿನ ಒತ್ತಡಕ್ಕೆ ತೊಟ್ಟಿಯೇ ಸಿಡಿಯಬಹುದು.

ಕೊನೆಯದಾಗಿ ಬಿಲ್ಲಿನ ವಿಷಯ. ತೆರಿಗೆ ಉಳಿಸಲು ಕಚ್ಚಾ ಚೀಟಿಯಲ್ಲಿ ಗೀಸರ್ ಕೊಂಡರೆ, ತೊಟ್ಟಿಗೆ ಕಂಪನಿ ಕೊಡುವ ಐದಾರು ವರ್ಷಗಳ ಖಾತರಿಗೆ ದಾಖಲೆಯೇ ಇರುವುದಿಲ್ಲ. ಕಾಯಿಲ್‌ಗೆ, ತೊಟ್ಟಿಗೆ ಖಾತರಿಯ ಅವಧಿ ಬೇರೆಬೇರೆ. ಎರಡನ್ನೂ ಬಿಲ್ಲಿನ ಮೇಲೆ ಬರೆಸಿಕೊಳ್ಳಬೇಕು. ಗುತ್ತಿಗೆಯ ದೊಡ್ಡ ಕಾಮಗಾರಿಗಳಲ್ಲಿ ಶೇ 5 ಅಥವಾ 10ರಷ್ಟು ಹಣವನ್ನು ತಡೆಹಿಡಿಯುವ ಕ್ರಮ ನಮ್ಮ ಸದಸ್ಯರಿಗೆಲ್ಲ ಚಿರಪರಿಚಿತ. ಅದನ್ನೇ ಪ್ಲಂಬರ್‌ನೊಂದಿಗೂ ಮೊದಲೇ ಮಾತನಾಡಿ, ಕೊನೆಯ ಹತ್ತನೆಯ ಒಂದು ಭಾಗವನ್ನು ನೀರು ನಿಲ್ಲಿಸಿದ ಪರೀಕ್ಷೆಯಾಗಿ ಒಂದು ತಿಂಗಳು ಕಳೆದ ಮೇಲೆ ಕೊಡುವುದಾಗಿ ಒಪ್ಪಿಸಬಹುದು. ಒಳ್ಳೆಯ ಕೆಲಸಗಾರರು ಇದಕ್ಕೆ ಬೇಸರಿಸುವುದಿಲ್ಲ. ತಿಂಗಳು ತುಂಬಿದ ದಿನವೇ ಆ ಹಣವನ್ನು ಕೊಟ್ಟುಬಿಡಬೇಕೆಂಬುದನ್ನು ಮಾತ್ರ ಮರೆಯಬಾರದು.