ಟ್ರ್ಯಾಕ್ ದಾಟಿ ಬರುವವರು

ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣ ನಿಂತಿರುವುದು ಸಂಪಂಗಿ ಕೆರೆಯ ಅಂಗಳದಲ್ಲಿ. ಕೆರೆಯ ಗುರುತಾಗಿ ಉಳಿದಿರುವುದು ಪುಟ್ಟದೊಂದು ಕಲ್ಯಾಣಿ. ಕರಗದ ದಿನಗಳಲ್ಲಿ ಅಲ್ಲಿ ಪೂಜೆ ನಡೆಯುತ್ತದೆ. ಬೆಂಗಳೂರು ಎಫ್‌ಸಿ ಆಡುವ ಸಂಜೆ ಕಸ್ತೂರಬಾ ರಸ್ತೆಯ ಕಡೆಯಿಂದ ಬಂದವರು ದಾರಿ ಕೇಳಬೇಕಿಲ್ಲ. ನೀಲಿ ಜೆರ್ಸಿಗಳ ಹಿಂದೆ ನಡೆದರೆ ಸಾಕು.

ಒಳಗೆ ಮೊದಲು ಕಣ್ಣಿಗೆ ಬೀಳುವುದು ಓಟದ ಟ್ರ್ಯಾಕ್. ಗ್ಯಾಲರಿಗೂ ಹುಲ್ಲಿಗೂ ನಡುವೆ ಅದು ಅಡ್ಡ ಮಲಗಿದೆ. ಫುಟ್‌ಬಾಲ್‌ಗೆಂದೇ ಕಟ್ಟಿದ ಮೈದಾನಗಳಲ್ಲಿ ಒಬ್ಬನ ಗೊಣಗಾಟವೂ ಆಟಗಾರನ ಕಿವಿಗೆ ತಾಕುತ್ತದೆ; ಇಲ್ಲಿ ಸಾವಿರ ಗಂಟಲು ಒಟ್ಟಾದರಷ್ಟೇ ತಲುಪುತ್ತದೆ. ಆ ಗಂಟಲುಗಳನ್ನು ಒಟ್ಟು ಮಾಡುವವರು ವೆಸ್ಟ್ ಬ್ಲಾಕ್ ಬ್ಲೂಸ್. ಕ್ಲಬ್ ಹುಟ್ಟಿದ 2013ರಲ್ಲೇ, ಅಶೋಕನಗರದ ಹಳೆಯ ಫುಟ್‌ಬಾಲ್ ಮೈದಾನದಲ್ಲಿ ಕಟ್ಟಿಕೊಂಡ ಅಭಿಮಾನಿಗಳ ಬಳಗ ಇದು.

ಸೋಲು ಖಚಿತವಾದ ಮೇಲೆ ಇಲ್ಲಿ ಕುಳಿತು ನೋಡಬೇಕು. ಡ್ರಮ್ಮು ನಿಲ್ಲುವುದಿಲ್ಲ, ಆದರೆ ಅದರ ಸುತ್ತ ವಿಚಾರಣೆ ಶುರುವಾಗಿರುತ್ತದೆ. ‘ಮಿಡ್‌ಫೀಲ್ಡೇ ಇಲ್ಲ ಗುರು’, ‘ಬರೀ ಲಾಂಗ್ ಬಾಲ್ ಹೊಡೆದ್ರೆ ಗೋಲ್ ಬರುತ್ತಾ’, ‘ಸಬ್ ಮಾಡೋಕೆ ಎಂಬತ್ತನೇ ನಿಮಿಷದವರೆಗೂ ಕಾಯ್ಬೇಕಿತ್ತಾ’. ಎದುರಾಳಿಗೆ ಕಾರ್ನರ್ ಸಿಕ್ಕರಂತೂ ಹಳಬರ ಎದೆ ಹಿಡಿದುಕೊಳ್ಳುತ್ತದೆ. 2018ರ ಮಾರ್ಚ್ 17ರಂದು ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲ್ ನಡೆದದ್ದು ಇದೇ ಅಂಗಳದಲ್ಲಿ. ಲೀಗ್‌ನಲ್ಲಿ ಬೆಂಗಳೂರಿಗಿಂತ ಎಂಟು ಅಂಕ ಹಿಂದಿದ್ದ ಚೆನ್ನೈಯಿನ್ ತಂಡದ ಮೈಲ್ಸನ್ ಆಲ್ವೆಸ್ ಎರಡು ಕಾರ್ನರ್‌ಗಳಿಗೆ ತಲೆ ಕೊಟ್ಟು ಎರಡು ಗೋಲು ಹೊಡೆದ. 3-2ರ ಆ ಸೋಲು ಇನ್ನೂ ಹಸಿಯಾಗಿದೆ.

ಕೋಚ್ ಮೇಲಿನ ಸಿಟ್ಟು ಬೇರೆಯೇ ಬಗೆಯದು. ಸೈಮನ್ ಗ್ರೇಸನ್ 2022ರಲ್ಲಿ ಡ್ಯುರಾಂಡ್ ಕಪ್ ತಂದರು, ಮರುವರ್ಷ ತಂಡವನ್ನು ಐಎಸ್‌ಎಲ್ ಫೈನಲ್‌ಗೂ ಒಯ್ದರು. 2023ರ ಡಿಸೆಂಬರ್‌ನಲ್ಲಿ ಇಲ್ಲೇ ಮುಂಬೈ ಸಿಟಿ ಎದುರು 4-0 ಸೋಲು. ಮರುದಿನ ಅವರು ಹುದ್ದೆಯಲ್ಲಿರಲಿಲ್ಲ. ಆದರೂ ಆ ಸಲ ತಂಡ ಹತ್ತನೇ ಸ್ಥಾನದಲ್ಲೇ ಮುಗಿಸಿತು. ‘ಕೋಚ್ ಬದಲಿಸಿ’ ಎಂದು ಕೂಗುವಾಗ ಈ ಲೆಕ್ಕವನ್ನೂ ನೆನಪಿಡಬೇಕು ಎಂದು ನನಗನ್ನಿಸುತ್ತದೆ.

ಕೋಚ್ ಕಾರ್ಲೆಸ್ ಕ್ವಾಡ್ರಾಟ್ ಅವರ ಕಥೆ ನನ್ನನ್ನು ಹೆಚ್ಚು ಕಾಡುತ್ತದೆ. 2019ರಲ್ಲಿ ಐಎಸ್‌ಎಲ್ ಕಿರೀಟ ಗೆದ್ದುಕೊಟ್ಟವರು 2021ರ ಜನವರಿಯಲ್ಲಿ ಸತತ ಸೋಲುಗಳ ನಂತರ ಹೊರನಡೆದರು. ಕೋವಿಡ್ ಕಾಲ, ಪಂದ್ಯಗಳೆಲ್ಲ ಗೋವಾದ ಖಾಲಿ ಮೈದಾನಗಳಲ್ಲಿ. ಅವರನ್ನು ಎದುರಿಗೆ ನಿಂತು ಬೈಯಲೂ ಆಗಲಿಲ್ಲ, ಎದ್ದು ನಿಂತು ಚಪ್ಪಾಳೆ ತಟ್ಟಿ ಕಳಿಸಿಕೊಡಲೂ ಆಗಲಿಲ್ಲ. ಅಭಿಮಾನಿಗೆ ಎರಡೂ ಬೇಕು.

ಈ ತಂಡದ ನಾಯಕರಾಗಿದ್ದಾಗ ಸುನಿಲ್ ಛೆಟ್ರಿಯೇ ಅಂಥ ಮುಖಾಮುಖಿಯನ್ನು ಕೇಳಿಕೊಂಡಿದ್ದರು. 2018ರ ಜೂನ್‌ನಲ್ಲಿ ಮುಂಬೈಯಲ್ಲಿ ಭಾರತ 5-0 ಗೆದ್ದ ಪಂದ್ಯಕ್ಕೆ ಬಂದವರು ಎರಡೂವರೆ ಸಾವಿರ ಜನ. ಇಂಟರ್ನೆಟ್‌ನಲ್ಲಿ ಟೀಕಿಸುವುದರ ಬದಲು ಮೈದಾನಕ್ಕೆ ಬಂದು ಮುಖದೆದುರೇ ಬೈಯಿರಿ ಎಂದು ಅವರು ವಿಡಿಯೊದಲ್ಲಿ ಮನವಿ ಮಾಡಿದರು. ಕೀನ್ಯಾ ಎದುರಿನ ಮುಂದಿನ ಪಂದ್ಯದ ಟಿಕೆಟ್‌ಗಳು ಪೂರ್ತಿ ಖಾಲಿಯಾದವು.

ಕಂಠೀರವದಲ್ಲಿ ಆ ಮುಖಾಮುಖಿ ಆಗುವುದು ಕೊನೆಯ ಸೀಟಿಯ ನಂತರ. ಆಟಗಾರರು ಟ್ರ್ಯಾಕ್‌ನತ್ತ ಬಂದು ವೆಸ್ಟ್ ಬ್ಲಾಕ್ ಎದುರು ನಿಂತು ಕೈ ತಟ್ಟುತ್ತಾರೆ. ಗೆದ್ದ ದಿನ ಅದು ಸಲೀಸು. ಸೋತ ದಿನ ಎದೆಗಾರಿಕೆ ಬೇಕು. ಅರ್ಧಗಂಟೆಯಿಂದ ಡಿಫೆಂಡರನನ್ನು ಬಯ್ಯುತ್ತಿದ್ದವನು ಅವನ ಬೆವರಿಳಿದ ಮುಖ ಕಂಡ ಕೂಡಲೇ ಬಾಯಿ ಮುಚ್ಚುವುದಿಲ್ಲ. ‘ಮಾರ್ಕಿಂಗ್ ಬಿಡಬೇಡ’ ಎಂದೇ ಕೂಗುತ್ತಾನೆ. ಆದರೆ ಅಲ್ಲಿಯವರೆಗೆ ‘ಅವನು’ ಆಗಿದ್ದವನು ಈಗ ‘ನೀನು’ ಆಗಿದ್ದಾನೆ. ಆಟಗಾರನ ಮನೆಯವರನ್ನು, ಊರನ್ನು ಎಳೆದು ತರುವ ಹೊಲಸು ಮಾತು ಇಷ್ಟು ಹತ್ತಿರದಿಂದ ಸುಲಭವಾಗಿ ಹೊರಡುವುದಿಲ್ಲ. ಎಲ್ಲಿಂದ ಬಂದರೂ ಅಂಥ ಮಾತಿಗೆ ನನ್ನ ಒಪ್ಪಿಗೆ ಇಲ್ಲ.

ಗೇಟಿನ ಹೊರಗೆ ವಾದ ಮುಂದುವರಿಯುತ್ತದೆ. ಲೆಫ್ಟ್ ಬ್ಯಾಕ್‌ಗೆ ಯಾರನ್ನು ಹಾಕಬೇಕು, ಅಕಾಡೆಮಿಯ ಹುಡುಗರಿಗೆ ಯಾವಾಗ ಅವಕಾಶ, ಮುಂದಿನ ಪಂದ್ಯಕ್ಕೆ ಯಾರ‍್ಯಾರು ಟಿಕೆಟ್ ತೆಗೆಯುತ್ತಾರೆ.